ಗೇಟಣ್ಣನ ದೊಡ್ಡ ವಾಕ್ಯ

ಎಲ್ಲ ರಗಳೆಗೂ ಮೂಲ, ಇಂಗ್ಲಿಷ್ ಮೇಷ್ಟ್ರು ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟದ್ದು.

ಅವತ್ತು ಅವರ ಹಣೆಬರಹ ತೀರ್ಮಾನವಾಗುವ ದಿನ. ಆರು ವರ್ಷದಿಂದ ಆ ಶಾಲೆಯಲ್ಲಿ ಅವರು ಟೆಂಪರರಿ. ಆಡಳಿತ ಮಂಡಳಿಯ ಸೆಕ್ರೆಟರಿ ಬಂದು, ಹಿಂದಿನ ಬೆಂಚಿನಲ್ಲಿ ಕೂತು ಒಂದು ಪಾಠ ಕೇಳಿ ಮೆಚ್ಚಿದರೆ ಕೆಲಸ ಖಾಯಂ. ಸೆಕ್ರೆಟರಿ ಹೊಸಬರು. ಹೆಡ್ ಮೇಡಂ ಕೂಡ ಅವರ ದನಿಯನ್ನು ಫೋನಿನಲ್ಲಿ ಕೇಳಿದ್ದರೇ ಹೊರತು ಮುಖ ಕಂಡಿರಲಿಲ್ಲ.

"ಇವತ್ತು ಏನ್ ಪಾಠ?" ಡ್ರಾಯಿಂಗ್ ಮೇಷ್ಟ್ರು ಕೇಳಿದರು.

"ಇಂಗ್ಲಿಷ್ ವಾಕ್ಯಗಳಲ್ಲಿ ನಾಲ್ಕು ಬಗೆ. ಉದಾಹರಣೆಗೆ ಪುಸ್ತಕ ಯಾಕ್ರೀ ಬೇಕು, ನಮ್ಮ ಜನರ ಮಾತು ಕೇಳಿದ್ರೆ ಸಾಕು. ಗೇಟಣ್ಣ ಸಿಂಪಲ್ ವಾಕ್ಯ. ಕ್ಲರ್ಕಮ್ಮ ಕಾಂಪೌಂಡ್. ಹೆಡ್ ಮೇಡಂ ಕಾಂಪ್ಲೆಕ್ಸ್. ನಾಲ್ಕನೇದು ಕಾಂಪೌಂಡ್-ಕಾಂಪ್ಲೆಕ್ಸ್, ಅದು ನಮ್ಮನೆಯವಳು."

ಇದನ್ನು ಅವರು ಅಪ್ಪಟ ಮೆಚ್ಚುಗೆಯಿಂದಲೇ ಹೇಳಿದ್ದರು. ಜನ ಮಾತಾಡುವ ರೀತಿಗೆ ಸೋತುಹೋಗುವ ಮನುಷ್ಯ ಅವರು. ಗೇಟಣ್ಣ "ಬಂದ್ರು", "ಹೋದ್ರು", "ಬೀಗ ಹಾಕ್ದೆ" ಎನ್ನುವಾಗ ಒಂದೊಂದು ಮಾತೂ ಮೊಳೆ ಹೊಡೆದ ಹಾಗೆ ಕೂರುತ್ತಿತ್ತು. ಹೆಂಡತಿ ಸೊಪ್ಪಿನ ಕಟ್ಟಿನಿಂದ ಶುರುಮಾಡಿದ ವಾಕ್ಯ ಪಕ್ಕದ ಮನೆಯ ಜಗಳ, ಚಿಕ್ಕಮ್ಮನ ಮಂಡಿನೋವು ಎಲ್ಲ ಸುತ್ತಿ, ದಾರಿ ತಪ್ಪದೆ ಸೊಪ್ಪಿಗೇ ಬಂದು ನಿಲ್ಲುವುದನ್ನು ಅವರು ಊಟ ಮರೆತು ಕೇಳುತ್ತಿದ್ದರು.

ಆದರೆ ಡ್ರಾಯಿಂಗ್ ಮೇಷ್ಟ್ರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮೊದಲ ಬೆಲ್ ಹೊಡೆಯುವಷ್ಟರಲ್ಲಿ ಶಾಲೆಯ ತುಂಬ ಸುದ್ದಿ: ಇಂಗ್ಲಿಷ್ ಮೇಷ್ಟ್ರು ಎಲ್ಲರಿಗೂ ದರ್ಜೆ ಕೊಟ್ಟಿದ್ದಾರಂತೆ, ಸಿಂಪಲ್ ಎಲ್ಲಕ್ಕಿಂತ ಕೆಳಗಿನದಂತೆ.

ಕ್ಲರ್ಕಮ್ಮ ಮೊದಲು ಬಂದರು. "ನಾನು ಇಷ್ಟು ವರ್ಷ ದುಡಿದೆ ಮತ್ತೆ ಒಂದು ರಜಾನೂ ಹಾಕ್ಲಿಲ್ಲ, ಆದ್ರೆ ನಾನಿನ್ನೂ ಎರಡನೇ ದರ್ಜೇನಾ ಸಾರ್?"

ಹಿಂದೆಯೇ ಹೆಡ್ ಮೇಡಂ. "ಈ ಶಾಲೆಗೆ ನಾನೇ ಮುಖ್ಯಸ್ಥೆ ಅಂದಮೇಲೆ, ಎಲ್ಲಕ್ಕಿಂತ ಮೇಲಿನದು ನಿಮ್ಮ ಮನೆಯವರಿಗೆ ಹೇಗೆ ಹೋಯ್ತು ಅಂತ ಕೇಳಬಹುದಾ?"

ಮೇಷ್ಟ್ರು ಕೈ ಮುಗಿದು ಇಬ್ಬರಿಗೂ ಕಾಂಪೌಂಡ್-ಕಾಂಪ್ಲೆಕ್ಸ್ ಕೊಟ್ಟು ಕಳಿಸಿದರು. ಉಳಿದವನು ಗೇಟಣ್ಣ. ಅವನು ಬಾಗಿಲಲ್ಲಿ ನಿಂತು ಕೇಳಿದ: "ನಾನು ಸಿಂಪಲ್ಲಾ?"

"ಗೇಟಣ್ಣ, ಸಿಂಪಲ್ ಅಂದ್ರೆ ಕಡಿಮೆ ಅಲ್ಲಪ್ಪ."

"ಕಾಂಪೌಂಡ್ ಕಾಯೋನು ನಾನು. ಕಾಂಪೌಂಡ್ ಆ ಅಮ್ಮಂಗೆ."

ಅವನ ಮುಖ ಬಾಡಿದ್ದು ಮೇಷ್ಟ್ರಿಗೆ ಕಂಡಿತು. ಸಮಾಧಾನಕ್ಕೆಂದು, "ಉದ್ದ ವಾಕ್ಯ ಏನು ಮಹಾ? 'ಯಾಕಂದ್ರೆ', 'ಆದ್ರೂ' ಅಂತ ಪೋಣಿಸ್ತಾ ಹೋದ್ರೆ ಯಾರು ಬೇಕಾದ್ರೂ ಆಡ್ತಾರೆ" ಎಂದರು.

"ಹೌದಾ," ಎಂದು ಗೇಟಣ್ಣ ಯೋಚಿಸುತ್ತ ಹೊರಟುಹೋದ.

ಪಾಠದ ಹೊತ್ತಿಗೆ ಕಾರಿಡಾರಿನಲ್ಲಿ ಇಸ್ತ್ರಿ ಅಂಗಿಯ, ಚರ್ಮದ ಚೀಲದ ಗಂಭೀರ ಮನುಷ್ಯರೊಬ್ಬರು ಕಾಣಿಸಿದರು. ಹೆಡ್ ಮೇಡಂ ಓಡಿಹೋಗಿ ಬರಮಾಡಿಕೊಂಡರು.

"ಕಿಟಕಿಗಳನ್ನ ನೋಡಬೇಕಿತ್ತು," ಎಂದರು ಆತ.

"ಕಟ್ಟಡ ಎಲ್ಲಾ ತೋರಿಸ್ತೀವಿ ಸಾರ್, ಮೊದಲು ಪಾಠ ಕೇಳಿ," ಎಂದು ಮೇಡಂ ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು.

ಮೇಷ್ಟ್ರು ಬೋರ್ಡಿನ ಮೇಲೆ ಸೈಕಲ್ ಬರೆದರು. ಒಬ್ಬನೇ ತುಳಿದುಕೊಂಡು ಹೋಗುವ ಸೈಕಲ್ ಸಿಂಪಲ್. ಎರಡು ಸೈಕಲ್ಲಿನವರು ಹೆಗಲ ಮೇಲೆ ಕೈ ಹಾಕಿಕೊಂಡು ಜೊತೆಗೆ ಹೋದರೆ ಕಾಂಪೌಂಡ್; ಆ ಕೈಯೇ 'ಮತ್ತು', 'ಆದರೆ'. ಕ್ಯಾರಿಯರ್ ಮೇಲೆ ತಂಗಿ ಕೂತರೆ ಕಾಂಪ್ಲೆಕ್ಸ್. ಅಣ್ಣ ತುಳಿಯದಿದ್ದರೆ ಅವಳು ಒಂದಡಿಯೂ ಮುಂದೆ ಹೋಗಲಾರಳು. ಎರಡು ಸೈಕಲ್ಲು ಜೊತೆಯಾಗಿ, ಕ್ಯಾರಿಯರ್ ಮೇಲೂ ಜನ ಕೂತರೆ ಅದು ನಾಲ್ಕನೆಯದು. ಮಕ್ಕಳು ಬೆಂಚಿನ ಮೇಲೇ ಪೆಡಲ್ ತುಳಿಯತೊಡಗಿದರು. ಹಿಂದಿನ ಬೆಂಚಿನವರು ಪ್ರತಿ ಮಾತಿಗೂ ತಲೆದೂಗಿದರು. ಇಂಥ ಪಾಠ ಆ ಶಾಲೆಯಲ್ಲಿ ಯಾವತ್ತೂ ಆಗಿರಲಿಲ್ಲ ಎಂದು ಕಿಟಕಿಯಲ್ಲಿ ನಿಂತಿದ್ದ ಕ್ಲರ್ಕಮ್ಮನೂ ಒಪ್ಪಿಕೊಂಡರು.

ಅಷ್ಟರಲ್ಲಿ ಗೇಟಣ್ಣ ಬೀಗದ ಕೈ ಹಿಡಿದು ಬಾಗಿಲಿಗೆ ಬಂದ. ಗಂಟಲು ಸರಿಮಾಡಿಕೊಂಡ.

"ಮೇಷ್ಟ್ರೇ, ನೀವು ಸಿಂಪಲ್ ಅಂದಿದ್ದಕ್ಕೆ ನಂಗೆ ಬೇಜಾರಾಗಿದ್ರೂ, ಪಾಠ ನಡೀವಾಗ ಬರಬಾರ್ದು ಅಂತ ಗೊತ್ತಿದ್ರೂ, ನಾನು ಬಂದೆ, ಮತ್ತೆ ಗೇಟಿಗೆ ಬೀಗ ಹಾಕೇ ಬಂದೆ, ಯಾಕಂದ್ರೆ ಗೇಟು ಬಿಟ್ಟು ಹೋಗೋದಾದ್ರೆ ಬೀಗ ಹಾಕ್ಬೇಕು ಅಂತ ಮೇಡಮ್ಮೇ ಹೇಳವ್ರೆ..."

ತರಗತಿ ಚಪ್ಪಾಳೆ ತಟ್ಟಿತು. ಮೇಷ್ಟ್ರ ಕಣ್ಣು ಒದ್ದೆಯಾಯಿತು. ಆರು ವರ್ಷ ಮೂರು ಮಾತು ಮೀರದ ಮನುಷ್ಯ ಇವನು.

"ಮುಗೀತಾ?" ಹೆಡ್ ಮೇಡಂ ಕೇಳಿದರು.

"ಇಲ್ಲ," ಎಂದು ಗೇಟಣ್ಣ ಕೈ ಎತ್ತಿದ. "ಆದ್ರೆ, 'ನಾನು ಸೆಕ್ರೆಟರಿ' ಅಂತ ಹೇಳ್ಕೊಂಡು ಆಗ್ಲೇ ಬಂದೋರು, ನಾನು ಒಳಗೆ ಬಂದು ಹೇಳೋಕೆ ಈ ವಾಕ್ಯ ಜೋಡಿಸ್ಕೊಳ್ಳೋ ತನಕ ಗೇಟಿನಾಚೆ ಬಿಸಿಲಲ್ಲಿ ಕಾದೂ ಕಾದೂ, ಈಗ ಕಾರು ಹತ್ತತಾ ಅವ್ರೆ."

ಎಲ್ಲರೂ ಹಿಂದಿನ ಬೆಂಚಿನತ್ತ ತಿರುಗಿದರು. ಆತ ಮೆಲ್ಲಗೆ ಎದ್ದು ಚೀಲದಿಂದ ಅಳತೆ ಟೇಪು ತೆಗೆದರು. "ಪರದೆ ಅಳತೆಗೆ ಬಂದಿದ್ದೆ. ಪಾಠ ಚೆನ್ನಾಗಿತ್ತು, ಕೂತ್ಬಿಟ್ಟೆ."

ಮೇಷ್ಟ್ರು ಎದ್ದೆನೋ ಬಿದ್ದೆನೋ ಎಂದು ಗೇಟಿಗೆ ಓಡಿದರು. ಬೆವರಲ್ಲಿ ತೊಯ್ದ ಸೆಕ್ರೆಟರಿ ಕಾರಿನ ಗಾಜು ಇಳಿಸಿ, "ಮುಂದಿನ ವರ್ಷ ನೋಡೋಣ" ಎಂದು ಗಾಜು ಏರಿಸಿದರು. ಕಾರು ಹೋಯಿತು.

"ತಪ್ಪಾಯ್ತಾ?" ಗೇಟಣ್ಣ ಕೇಳಿದ.

ಬೈಯಬೇಕೆಂದು ಮೇಷ್ಟ್ರು ಬಾಯಿ ತೆರೆದರು. ಆ ವಾಕ್ಯ ಮತ್ತೆ ಕಿವಿಯಲ್ಲಿ ಮೊಳಗಿತು, ಸಿಟ್ಟು ಬರಲೇ ಇಲ್ಲ. "ವಾಕ್ಯದಲ್ಲಿ ಒಂದು ತಪ್ಪೂ ಇರ್ಲಿಲ್ಲ ಕಣಯ್ಯ," ಎಂದರು. ಗೇಟಣ್ಣನ ಮುಖ ಅರಳಿತು.

ಸಂಜೆ ಮನೆಯ ದಾರಿಯುದ್ದಕ್ಕೂ ಅವರೂ ಒಂದು ವಾಕ್ಯ ಪೋಣಿಸಿಕೊಂಡೇ ಬಂದರು. ಬಾಗಿಲಲ್ಲೇ ಶುರುಮಾಡಿದರು: "ಸೆಕ್ರೆಟರಿ ಬಂದಿದ್ರು, ಆದ್ರೆ ಗೇಟಿಗೆ ಬೀಗ ಬಿದ್ದಿದ್ರಿಂದ, ಮತ್ತೆ ಪಾಠ ಕೇಳಿದೋರು ಬೇರೆಯವರಾದ್ರೂ ತುಂಬಾ ಮೆಚ್ಕೊಂಡಿದ್ರಿಂದ..."

ಮದುವೆಯಾದಾಗಿನಿಂದ ಒಂದು ಚಿಕ್ಕ ವಾಕ್ಯವನ್ನೂ ಆಡದ ಅವರ ಹೆಂಡತಿ, ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ಹೇಳಿದರು:

"ಖಾಯಂ ಆಗ್ಲಿಲ್ಲ."