ಕಣ್ಣಿಗೆ ಹಿತವಾದ ಒಂದು ಪುಟ

ನಮ್ಮದು ಕಣ್ಣಿನ ಮನೆತನ. ಕೆಲವರ ಮನೆತನಕ್ಕೆ ಹೊಲದಿಂದ ಹೆಸರು, ಕೆಲವರಿಗೆ ಕುಸ್ತಿಯಿಂದ, ನಮಗೆ ಕಣ್ಣಿನಿಂದ. ಮೋರಟಗಿಯ ನಮ್ಮ ಮುತ್ಯಾ ಹೊಲದ ಬದುವಿನ ಮೇಲೆ ನಿಂತು, ದೂರದ ದಾರಿಯಲ್ಲಿ ಏಳುವ ಧೂಳು ನೋಡಿ, ಬರುತ್ತಿರುವ ಎತ್ತು ಯಾರದೆಂದು ಹೇಳುತ್ತಿದ್ದನಂತೆ. (ಎತ್ತಿಗೆ ಹಲ್ಲು ಎಷ್ಟೆಂದೂ ಹೇಳುತ್ತಿದ್ದ ಎಂದು ನಮ್ಮ ಕಾಕಾ ಸೇರಿಸುತ್ತಾನೆ. ಅಷ್ಟು ಬೇಡ ಬಿಡಿ.) ಆ ರಕ್ತವೇ ನನ್ನಲ್ಲೂ ಹರಿಯುತ್ತಿದೆ. ನಾನು ಸಿಂದಗಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಅದರ ಬೋರ್ಡು ಓದಿ, ಮೈಕಿನಲ್ಲಿ ಇಂಡಿ ಬಂತು, ಮುದ್ದೇಬಿಹಾಳ ಬಂತು ಎಂದು ಕೂಗಿ ಜನರನ್ನು ಬೆಂಚಿನಿಂದ ಎಬ್ಬಿಸುವ ಪರಶುರಾಮ ಯಾರಿಗೆ ಗೊತ್ತಿಲ್ಲ? ಒಂದೇ ಒಂದು ಸಲ ನಾನು ಬಸವನಬಾಗೇವಾಡಿ ಎಂದು ಕೂಗಿದ್ದು ಸಿಮೆಂಟಿನ ಲಾರಿಗೆ. ಅವತ್ತು ಧೂಳು ಬಹಳ ಇತ್ತು.

ಇಂಥ ಮನೆತನಕ್ಕೆ ಸೊಸೆಯಾಗಿ ಬಂದ ಯಶೋಧಾ ತನ್ನ ಕಣ್ಣುಗಳನ್ನು ದಿನಾ ಹಾಳು ಮಾಡಿಕೊಳ್ಳುವುದನ್ನು ನಾನು ಹೇಗೆ ನೋಡುತ್ತ ಕೂಡಲಿ? ಅವಳು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಸಾಲಿಯ ಕೆಲಸಕ್ಕೆಂದು ತಂದ ಟ್ಯಾಬ್ಲೆಟ್ಟಿನಲ್ಲಿ ಕಾದಂಬರಿ ಓದುವ ಚಟ ಅಂಟಿಸಿಕೊಂಡಿದ್ದಾಳೆ. ಅಡುಗೆಮನೆಯಲ್ಲಿ ಅದನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ಎರಡೂ ಕೈಯಿಂದ ರೊಟ್ಟಿ ಬಡಿಯುತ್ತ, ಪುಟ ಮುಗಿದಾಗ ಬೆರಳಿನ ಗೆಣ್ಣಿನಿಂದ ಸರಿಸುತ್ತಾಳೆ. ಕಥೆ ರಸವತ್ತಾಗಿದ್ದ ದಿನ ನನಗೆ ಸೀದು ಕಪ್ಪಾದ ರೊಟ್ಟಿ.

“ಯಶೋಧಾ, ಆ ಬೆಳಕಿನ ಡಬ್ಬಿ ನೋಡಿ ನೋಡಿ ಕಣ್ಣು ಕಳ್ಕೊಂತಿ ನೀ” ಎಂದೆ ಒಂದು ದಿನ.

“ಕಳ್ಕೊಂಡ್ರ ಏನಾತ್ರಿ? ನಿಮ್ಮ ಮನೆತನದವು ಅದಾವಲ್ಲ. ಒಂದು ನನಗ ಕೊಡ್ರಿ.”

“ಚ್ಯಾಷ್ಟಿ ಮಾತಲ್ಲ ಇದು. ಆ ಬೆಳಕು ನೆಟ್ಟಗ ಕಣ್ಣಾಗ ಹೊಡಿತೈತಿ.”

“ಬೆಳಕು ಕಡಿಮಿ ಮಾಡ್ಕೊಂಡೇನ್ರಿ, ಅಕ್ಷರ ದೊಡ್ಡು ಮಾಡ್ಕೊಂಡೇನಿ. ನಡನಡುವ ಹಂಚಿನ ಕಡಿ ನೋಡ್ತೇನಿ, ಕಣ್ಣಿಗೆ ಆರಾಮ ಸಿಗತೈತಿ. ನೀವು ಸರೀರಿ, ರೊಟ್ಟಿ ಸೀಯಾಕತ್ತೈತಿ.”

ಮಾತಿನಲ್ಲಿ ಅವಳನ್ನು ಗೆಲ್ಲಲಾಗದು ಎಂಬುದು ಮದುವೆಯಾದ ವಾರದಲ್ಲೇ ತಿಳಿದಿತ್ತು. ಆದ್ದರಿಂದ ವಿಜ್ಞಾನದ ಮೊರೆಹೊಕ್ಕು ಇ-ಇಂಕ್ ರೀಡರ್ ಎಂಬ ಓದುವ ಯಂತ್ರ ತರಿಸಿದೆ. ಏನು ಹೇಳಲಿ ಅದರ ಮಹಿಮೆ! ಪರದೆಯ ಹಿಂದೆ ದೀಪವಿಲ್ಲ, ಹೊಳಪಿಲ್ಲ, ಥೇಟ್ ಕಾಗದ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲೂ ಅಕ್ಷರ ಸ್ಪಷ್ಟ. ಪುಟ ತಿರುವಿದಾಗ ಮಾತ್ರ ಒಂದು ಗುಟುಕು ಕರೆಂಟು ಕುಡಿಯುತ್ತದೆ. ಚಾರ್ಜು ಪೂರ್ತಿ ಮುಗಿದರೂ ಕೊನೆಯ ಪುಟ ಮಾತ್ರ ಅಳಿಯದೆ ಹಾಗೇ ನಿಂತಿರುತ್ತದೆ. ಮೊದಲ ದಿನವೇ ಅದನ್ನು ಬಸ್ ನಿಲ್ದಾಣಕ್ಕೆ ಒಯ್ದೆ. ಡ್ರೈವರು, ಕಂಡಕ್ಟರು, ನಿಂಬೆಹಣ್ಣಿನ ಚೀಲದ ಮೇಲೆ ಕೂತಿದ್ದ ಪ್ರಯಾಣಿಕರು, ಎಲ್ಲರೂ ಸರದಿಯಲ್ಲಿ ಪುಟ ತಿರುವಿದ್ದೇ ತಿರುವಿದ್ದು. ಚಾರ್ಜರನ್ನು ಡಬ್ಬಿಯಿಂದ ಹೊರಗೇ ತೆಗೆಯಲಿಲ್ಲ. ವಾರಗಟ್ಟಲೆ ಬಾಳುವ ಯಂತ್ರಕ್ಕೆ ದಿನಾ ಕರೆಂಟು ಕುಡಿಸುವುದು ಅದಕ್ಕೇ ಅವಮಾನ ಎಂಬುದು ನನ್ನ ಭಾವನೆ.

ನಮ್ಮ ಓಣಿಯಲ್ಲಿ ಓದುಗರ ಬಳಗವೊಂದಿದೆ. ನಿವೃತ್ತ ಪೋಸ್ಟ್‌ಮಾಸ್ಟರ್ ಚಮನಸಾಬರು ಅದರ ಹಿರಿಯರು. ರವಿವಾರ ಅವರ ಅಂಗಳದಲ್ಲಿ ಚಹಾದೊಂದಿಗೆ ಸಭೆ. ವಯಸ್ಸಾದ ಸದಸ್ಯರಿಗಾಗಿ ಬಳಗದಿಂದ ಒಂದು ಓದುವ ಯಂತ್ರ ಕೊಳ್ಳಬೇಕೆಂಬ ವಿಚಾರ ನಡೆದಿತ್ತು. ಯಾವುದು ಎಂದು ತೀರ್ಮಾನವಾಗಿರಲಿಲ್ಲ. ನಮ್ಮಿಬ್ಬರ ಜಗಳ ಕಿವಿಗೆ ಬಿದ್ದದ್ದೇ ಅವರು ತೀರ್ಪು ಕೊಟ್ಟರು.

“ಒಂದ ಕಾದಂಬರಿ, ಇಬ್ರೂ ಓದ್ರಿ. ಟೀಚರ್‌ಬಾಯಿ ತಮ್ಮ ಟ್ಯಾಬಿನಾಗ, ಕಂಟ್ರೋಲರ್ ಸಾಹೇಬ್ರು ತಮ್ಮ ಮಷೀನಿನಾಗ. ಬರೋ ರವಿವಾರ ಇಬ್ರ ಕಣ್ಣೂ ನೋಡೂಣು, ಪುಸ್ತಕದ ಬಗ್ಗೆ ಮಾತೂ ಕೇಳೂಣು. ಯಾವುದು ಹಿತ ಅಂತ ಆವಾಗ ತಿಳಿತೈತಿ.”

ನಾನು ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಮರುದಿನ, ಇಂಡಿ ಬಸ್ಸಿಗೂ ಮುದ್ದೇಬಿಹಾಳ ಬಸ್ಸಿಗೂ ನಡುವೆ ಸಿಕ್ಕ ಬಿಡುವಿನಲ್ಲಿ, ಅದೇ ಮೈಕಿನಲ್ಲಿ ಈ ಸ್ಪರ್ಧೆಯನ್ನು ಸಾರಿಬಿಟ್ಟೆ. ಗೆಲುವು ಯಾರದೆಂದೂ ಮುಂಗಡವಾಗಿ ತಿಳಿಸಿದೆ. ಸುದ್ದಿ ಕಂಡಕ್ಟರುಗಳ ಜೊತೆ ಟಿಕೆಟ್ಟಿಲ್ಲದೆ ನಾಲ್ಕು ತಾಲೂಕು ಸುತ್ತಿತು. ಇನ್ನು ಸೋತರೆ ನಾನು ಯಾವ ಬಾಯಿಯಿಂದ ಬೋರ್ಡು ಓದಿ ಕೂಗಬೇಕು?

ಓದು ಶುರುವಾಯಿತು. ಬೆಳಗಿನ ಪಾಳಿ ಮುಗಿಸಿ, ಊಟ ಮಾಡಿ, ಹಿತ್ತಲ ಬೇವಿನ ಕೆಳಗೆ ಹೊರಸು ಹಾಕಿ ಒರಗಿದೆ. ಅಕ್ಷರಗಳನ್ನು ಸ್ವಲ್ಪ ದೊಡ್ಡದು ಮಾಡಿಕೊಂಡೆ. (ಯಂತ್ರದ ಪರೀಕ್ಷೆಗಾಗಿ ಮಾತ್ರ.) ಮೊದಲ ಪುಟ ದಾಟಿ ಎರಡನೆಯದಕ್ಕೆ ಬಂದೆ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಕೊಡ ಹೊತ್ತು ಬಾವಿಗೆ ಬರುತ್ತಾಳೆ; ಪಾಚಿಗಟ್ಟಿದ ಮೆಟ್ಟಿಲ ಕಡೆ ಒಂದು ಕಾಲು ಮುಂದಿಡುತ್ತಾಳೆ. ಎಂಥ ವರ್ಣನೆ! ಅಷ್ಟರಲ್ಲಿ ಬೇವಿನ ಗಾಳಿ ಬೀಸಿತು. ಕಣ್ಣಿಗೆ ಎಂಥ ಹಿತವೆಂದರೆ, ಅವು ತಾವಾಗಿಯೇ ಮುಚ್ಚಿಕೊಂಡವು. ಎಚ್ಚರಾದಾಗ ಚಹಾದ ಹೊತ್ತು.

ಮರುದಿನ ಸಂದರ್ಭ ತಪ್ಪಬಾರದೆಂದು ಆ ಪುಟವನ್ನು ಮತ್ತೆ ಮೇಲಿನಿಂದ ಓದಿದೆ. ಮತ್ತೆ ಗಾಳಿ, ಮತ್ತೆ ಹಿತ. ಅದರ ಮರುದಿನವೂ ಹಾಗೆಯೇ. ಕಥೆ ಎಷ್ಟು ಆಪ್ತವಾಗಿದೆಯಪ್ಪಾ, ಎಲ್ಲೋ ಓದಿದ ಹಾಗೇ ಇದೆಯಲ್ಲ ಎಂದು ಲೇಖಕರ ಬಗ್ಗೆ ಗೌರವ ಹೆಚ್ಚಾಯಿತು. ನಿದ್ದೆಯೆಂಬುದು ಕಣ್ಣಿಗೆ ದೊರೆಯಬಹುದಾದ ಪರಮೋಚ್ಚ ಹಿತವಲ್ಲವೇ? ಅದನ್ನು ಇಷ್ಟು ಸಲೀಸಾಗಿ ತರಿಸುವ ಯಂತ್ರಕ್ಕೆ ಇನ್ನಾವ ಪ್ರಮಾಣಪತ್ರ ಬೇಕು?

ಹೊರಸಿನ ಪಕ್ಕದಲ್ಲಿ ನಮ್ಮವ್ವ ಗುಂಡವ್ವ ಮೊರ ಹಿಡಿದು ತೊಗರಿ ಹಸನು ಮಾಡುತ್ತ ಕೂತಿರುತ್ತಿದ್ದಳು. ನಮ್ಮವ್ವನ ಬಗ್ಗೆ ಹೇಳಲೇಬೇಕು. ಸಾಲಿಯ ಮೆಟ್ಟಿಲು ಹತ್ತದೆ ಹೊಲದಲ್ಲೇ ಆಯುಷ್ಯ ಕಳೆದ ಆಕೆ, ಸೊಸೆ ಬಂದ ಮೇಲೆ ಸೊಸೆಯ ಕೈಯಲ್ಲೇ ಅಕ್ಷರ ಕಲಿತಳು. ಕಾಗುಣಿತ ತಪ್ಪಿದರೆ ಯಶೋಧಾ ಅತ್ತೆಯೆಂದು ಬಿಡುತ್ತಿರಲಿಲ್ಲ. ಅವ್ವನೂ ಸೊಸೆಯೆಂದು ಸಿಟ್ಟಾಗುತ್ತಿರಲಿಲ್ಲ. ಈಗ ಒಂದೊಂದೇ ಅಕ್ಷರ ಕೂಡಿಸಿ, ತುಟಿ ಅಲುಗಿಸಿ ಓದುತ್ತಾಳೆ. ಕಣ್ಣಿನ ಪೊರೆ ತೆಗೆಯುವ ಮೋತಿಬಿಂದಿನ ಆಪರೇಷನ್ ಆದ ಮೇಲೆ ಟ್ಯಾಬಿನ ಬೆಳಕು ಕಂಡರೆ, “ಒಯ್ಯ ಯವ್ವಾ, ಸೂಜಿ ಚುಚ್ಚಿದಂಗ ಆಗ್ತೈತಿ” ಎಂದು ಮುಖ ತಿರುಗಿಸುತ್ತಾಳೆ.

ಶನಿವಾರ ಸಂಜೆ ಯಶೋಧಾ ಅಡುಗೆಮನೆಯಿಂದ ಹೊರಗೆ ಬಂದಳು. ಎರಡೂ ಕಣ್ಣು ಕೆಂಡದಂತೆ ಕೆಂಪು, ನೀರು ಬೇರೆ. ಸತ್ಯ ಹೇಳುತ್ತೇನೆ, ನನಗೆ ಆದ ಸಂತೋಷ ಹೇಳತೀರದು.

ರವಿವಾರ ಚಮನಸಾಬರ ಅಂಗಳ ತುಂಬಿತ್ತು. ನನ್ನ ಪ್ರಚಾರದ ಫಲವಾಗಿ ಡಿಪೋದವರೂ ಬಂದಿದ್ದರು. ಅವ್ವ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಎದ್ದು, ರೀಡರನ್ನು ಎದೆಗವಚಿಕೊಂಡು ಮಾತನಾಡಿದೆ.

“ನನ್ನ ಕಣ್ಣು ನೋಡ್ರಿ, ಹಾಲಿನಂಗ ಅದಾವ. ಉರಿ ಇಲ್ಲ, ನೀರಿಲ್ಲ. ಇನ್ನ ನಮ್ಮ ಟೀಚರ್‌ಬಾಯಿ ಅವರ ಕಣ್ಣು ನೋಡ್ರಿ. ನಾ ಏನೂ ಹೇಳೂದಿಲ್ಲ. ನೀವ ಹೇಳ್ರಿ.”

ಡಿಪೋದವರು ಚಪ್ಪಾಳೆ ತಟ್ಟಿದರು. ಚಮನಸಾಬರು ಹತ್ತಿರ ಬಂದು ನನ್ನ ರೆಪ್ಪೆ ಎತ್ತಿ ನೋಡಿ, ಭೇಷ್ ಎಂದರು. “ಪುಸ್ತಕ ಹೆಂಗಿತ್ರಿ, ಸಾಹೇಬ್ರ?”

“ಅದ್ಭುತ! ಲೇಖಕರು ಅವಸರ ಮಾಡೂದಿಲ್ಲ. ಜೀವನ ಅನ್ನೂದು ಒಂದು ಬಾವಿ, ನಾವೆಲ್ಲಾರೂ ಕೊಡ ಹೊತ್ತವರು, ಅಂತ ಬಹಳ ಆಳವಾಗಿ ತೋರಿಸ್ಯಾರ.”

ಯಶೋಧಾ ಸೆರಗಿನಿಂದ ಮೂಗು ಒರೆಸಿಕೊಂಡಳು. “ನನ್ನ ಕಣ್ಣಿಗೆ ಏನೂ ಆಗಿಲ್ರಿ, ಚಮನಚಾಚಾ. ನಿನ್ನಿ ಸಂಜಿಕ ಕಾದಂಬರಿ ಮುಗೀತು. ಆ ಹುಡುಗಿ ಸಲುವಾಗಿ ಅತ್ತೇನಿ, ಅಷ್ಟ. ಇವರೂ ಅದನ್ನ ಓದ್ಯಾರಲ್ಲ, ಇವರಿಗ್ಯಾಕ ಒಂದು ಹನಿ ನೀರೂ ಬರಲಿಲ್ಲ ಅಂತ ಕೇಳ್ರಿ.”

ಗಂಡಸರು ಹಾಗೆಲ್ಲ ಅಳುವುದಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವ್ವ ಎದ್ದು ನಿಂತಳು. ಮಗ ಇಕ್ಕಟ್ಟಿನಲ್ಲಿದ್ದಾನೆಂದು ಆಕೆಗೆ ಅನಿಸಿರಬೇಕು.

“ನನ್ನ ಮಗನ ಮಷೀನ ಬಹಳ ಚಲೋ ಐತ್ರಿ. ಕಣ್ಣಿಗೆ ಚುಚ್ಚೂದಿಲ್ಲ. ನಾನೂ ಅದರಾಗ ಓದೇನಿ!”

ಸಭೆ ಬೆರಗಾಯಿತು. ನಾನೂ ಬೆರಗಾದೆ.

“ಇಂವಾ ಮಕ್ಕೊಂಡಾಗ ಎದಿ ಮ್ಯಾಲ ಇರ್ತಿತ್ತು. ನಾ ಬಗ್ಗಿ ಒಂದೊಂದ ಅಕ್ಷರ ಕೂಡಿಸಿ ಓದ್ತಿದ್ದೆ. ಪೇಪರ ಗಾಳಿಗೆ ಹಾರತೈತಿ, ಸೊಸಿ ಟ್ಯಾಬು ತಾನ ಕಪ್ಪಾಗ್ತೈತಿ. ಇದು ಹಂಗಲ್ಲ, ನಾ ಓದೂ ಮಟ ವಾರ ಪೂರ್ತಿ ಒಂದ ಹಾಳಿ ಹಿಡಕೊಂಡು ನಿಂತಿತ್ತು. ಪೂರಾ ಬಾಯಿಪಾಠ ಆಗೈತಿ, ಹೇಳ್ಲೇನು?”

ಹೇಳಿಯೇಬಿಟ್ಟಳು. ಸೀರೆಯ ನಿರಿಗೆ ಸರಿಮಾಡಿಕೊಂಡು, ಪ್ರಾರ್ಥನೆಗೆ ನಿಂತ ಹುಡುಗಿಯಂತೆ, ಕೊಡದಿಂದ ಹಿಡಿದು ಪಾಚಿಯ ಮೆಟ್ಟಿಲಿನವರೆಗೆ ಒಂದು ಅಕ್ಷರ ಬಿಡದೆ ಒಪ್ಪಿಸಿದಳು. ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಪರಶ್ಯಾ, ಆ ಹುಡುಗಿ ಒಂದು ಕಾಲು ಎತ್ತಿ ವಾರಾತಲ್ಲೋ. ಯಾವಾಗ ಇಳಸ್ತಾಳ? ಜಾರಿ ಬೀಳ್ತಾಳೇನೋ ಅಂತ ನನಗ ಊಟಾನ ಸೇರವಲ್ದು. ಮುಂದಿನ ಹಾಳಿ ತಿರುವಪ್ಪಾ.”

ಅಂಗಳದಲ್ಲಿ ಎದ್ದ ನಗೆ ಬಸ್ ನಿಲ್ದಾಣಕ್ಕೆ ಕೇಳಿಸಿರಬೇಕು. ಚಮನಸಾಬರು ರೀಡರ್ ಕಿತ್ತುಕೊಂಡು ಪುಟ ತಿರುವಿ ನೋಡಿದರು, ಒತ್ತಿದರು, ತಟ್ಟಿದರು. ಅದು ಅಲುಗಲಿಲ್ಲ. ಅದರ ಚಾರ್ಜು ಮುಗಿದು ಎಷ್ಟೋ ದಿನಗಳಾಗಿದ್ದವು. ಹುಡುಗಿ ಮಾತ್ರ ಕಾಲೆತ್ತಿಕೊಂಡೇ ನಿಂತಿದ್ದಳು.

“ನಿನಗ ಗೊತ್ತಿತ್ತೇನು?” ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದೆ.

“ಮಂಗಳವಾರನ ಗೊತ್ತಾತ್ರಿ. ಅತ್ತಿ ಓದಾಕತ್ತಿದ್ರು, ನಡುವ ಯಾಕ ಕೆಡಸ್ಲಿ ಅಂತ ಸುಮ್ನಿದ್ದೆ.”

ಬಳಗ ತೀರ್ಪು ಕೊಟ್ಟಿತು: ಕಣ್ಣಿಗೆ ಇ-ಇಂಕೇ ಹಿತ, ಸಾಕ್ಷಿ ಗುಂಡವ್ವ. ಕೊಳ್ಳುವ ಯಂತ್ರವೂ ಅದೇ. ಲೆಕ್ಕದ ಪ್ರಕಾರ ಗೆದ್ದದ್ದು ನಾನೇ. ಆದರೆ ಯಾರೂ ನನ್ನ ಕೈ ಕುಲುಕಲಿಲ್ಲ. ಎಲ್ಲರೂ ಅವ್ವನ ಸುತ್ತ ನಿಂತಿದ್ದರು. ಒಂದು ಇಡೀ ಪುಟ, ಸ್ವಂತ ಕಣ್ಣಿನಿಂದ! ನನಗೆ ಮುಖ ಎಲ್ಲಿಡಬೇಕೋ ತಿಳಿಯದಿದ್ದರೂ ಎದೆ ಮಾತ್ರ ಅಂಗಿಯ ಗುಂಡಿ ಹರಿಯುವಷ್ಟು ಉಬ್ಬಿತ್ತು.

ಅಂದಿನಿಂದ ನನ್ನ ರೀಡರ್ ಅವ್ವನದಾಯಿತು. ಒಂದೇ ತೊಂದರೆ. ಕುಡುಗೋಲು ಹಿಡಿದು ದಡ್ಡುಗಟ್ಟಿದ ಆಕೆಯ ಹೆಬ್ಬೆರಳು ಮುಟ್ಟಿದರೆ ಪರದೆಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಹೊರಸಿನ ಮೇಲೆ ಈಗ ಅವ್ವ, ಪಕ್ಕದ ಮಣೆಯ ಮೇಲೆ ನಾನು. ಕಣ್ಣು ಒಂದಿಷ್ಟು ಮುಚ್ಚಿತೋ ಇಲ್ಲವೋ, “ತಿರುವೋ ಪರಶ್ಯಾ” ಎಂದು ತಿವಿಯುತ್ತಾಳೆ. ನನ್ನ ಮಧ್ಯಾಹ್ನದ ನಿದ್ದೆ ಬಾವಿಗೆ ಬಿತ್ತು. ಹುಡುಗಿ ಬೀಳಲಿಲ್ಲ.

ನಿನ್ನೆ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಜುಲ್ಫಿಕರ ನನ್ನ ಮುಖ ನೋಡಿ ನಿಂತ. “ಕಣ್ಣ್ಯಾಕ ಹಿಂಗ ಕೆಂಪಾಗ್ಯಾವ್ರಿ, ಸಾಹೇಬ್ರ? ನೀವೂ ಟ್ಯಾಬ್ ಹಿಡದ್ರೇನು?”

“ಇಲ್ಲೋ” ಎಂದೆ, “ನಮ್ಮವ್ವ ಕಾದಂಬರಿ ಓದಾಕತ್ತಾಳ.”

ಮೈಕು ಚಾಲೂ ಇತ್ತು. ಇಡೀ ನಿಲ್ದಾಣ ಕೇಳಿಸಿಕೊಂಡು ನನ್ನ ಕಡೆ ತಿರುಗಿತು. ಇಂಡಿ ಬಸ್ಸು ಬಂದು ನಿಂತದ್ದೂ ನನ್ನ ಮನೆತನದ ಕಣ್ಣಿಗೆ ಕಾಣಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, ಅವ್ವನ ಸುದ್ದಿಯನ್ನೇ ಇನ್ನೊಂದು ಸಲ ಕೂಗಿದೆ.