ಮುಂದಿನ ಸುತ್ತಿಗೆ ಇಟ್ಟ ಚೀಟಿ

ನಾನು ಹೊಂದಿಕೊಂಡು ಹೋಗುವ ಮನುಷ್ಯ ಎಂದು ನನ್ನ ಬಗ್ಗೆ ನನಗೇ ಭಾರಿ ಅಭಿಪ್ರಾಯವಿತ್ತು. ಮನೆಯವಳು ಮಾತ್ರ, “ನಿಮ್ಮ ಹೊಂದಾಣಿಕಿ ಅಂದ್ರ ಉಳಿದಾವ್ರು ನಿಮಗ ಹೊಂದಿಕೋಬೇಕು, ಅಷ್ಟ!” ಎನ್ನುತ್ತಾಳೆ. ಅದು ನಿಜವೆಂದು ಒಪ್ಪಿಕೊಳ್ಳಲು ನನಗೊಂದು ಪೆಟ್ರೋಲ್ ಪಂಪೇ ಬೇಕಾಯಿತು.

ಜತ್ತ ಊರಿನ ಉಟಗಿ ರಸ್ತೆಯ ಆ ಪಂಪಿಗೆ ನಾನು ಮ್ಯಾನೇಜರ್. ಪರಿಸರ ಉಳಿಸುವ ಕೆಲಸವನ್ನು ‘ಅಜೈಲ್’ ಪದ್ಧತಿಯಲ್ಲಿ ನಡೆಸಬೇಕೆಂದು ಕಂಪನಿಯಿಂದ ಹುಕುಂ ಬಂತು. ಹದಿನೈದು ದಿನಕ್ಕೊಂದು ಸುತ್ತು. ದಿನಾ ಬೆಳಿಗ್ಗೆ ನಿಂತುಕೊಂಡೇ ಕಾಲು ಗಂಟೆಯ ಸಭೆ. ಕೆಲಸಕ್ಕೊಂದು ಹಳದಿ ಚೀಟಿ, ಮುಗಿದಂತೆ ಅದು ಗೋಡೆಯ ಮೇಲೆ ಎಡದಿಂದ ಬಲಕ್ಕೆ ಸರಿಯಬೇಕು. ನಡುವೆ ಹೊಸದೇನಾದರೂ ತಿಳಿದರೆ ಯೋಜನೆಯನ್ನು ಆಗಿಂದಾಗಲೇ ಬದಲಿಸುವುದೇ ಆ ಪದ್ಧತಿಯ ಜೀವಾಳವಂತೆ. ಅಷ್ಟು ದೂರ ನಾನು ಓದಿರಲಿಲ್ಲ. ನನಗೆ ಹಿಡಿಸಿದ್ದು ಚೀಟಿಗಳು.

ಮೊದಲ ಸುತ್ತಿನಲ್ಲಿ ಸಸಿ ನೆಡುವುದೆಂದು ಬರೆದೆ. ಮೂರನೆಯ ದಿನ, ಡೀಸೆಲ್ ಹಾಕುವ ರಸೂಲ್ ಚಾಚಾ ಸಭೆಯಲ್ಲಿ ಬಾಯಿಬಿಟ್ಟರು: “ಸಾಹೇಬ್ರ, ಬಾಜೂ ಹೊಲದ ಮಾಳಪ್ಪನ ಕುರಿ ನಮ್ಮ ನೀರಿನ ತೊಟ್ಯಾಗ ಬಾಯಿ ಹಾಕವಲ್ವು. ಮೂಸಿ ನೋಡಿ ಹೊಳ್ಳಿ ಹೋಗ್ತಾವ. ಬೋರಿನ ನೀರು ಲಗೂನ ತೋರಸೂಣ್ರಿ.”

“ಈ ಸುತ್ತಿನ ಕೆಲಸ ನಿಕ್ಕಿ ಆಗ್ಯಾವ ಚಾಚಾ. ಚೀಟಿ ಹಚ್ಚೂಣ, ಮುಂದಿನ ಸುತ್ತಿನ್ಯಾಗ ನೋಡೂಣ” ಎಂದೆ. ಮರುದಿನವೂ ಅವರು ಅದನ್ನೇ ಹೇಳಿದರು. ಸಭೆಯ ಹೊತ್ತು ಮುಗಿಯಿತೆಂದು ಗಡಿಯಾರ ತೋರಿಸಿದೆ. ಅದೇ ನೀರನ್ನು ಸಸಿಗಳಿಗೂ ಹಾಕಿಸಿದೆ. ಅವು ಬಾಡಿದಾಗ ಜತ್ತದ ಬಿಸಿಲನ್ನು ಬೈದೆ. ನೆಟ್ಟದ್ದಂತೂ ಆಗಿತ್ತಲ್ಲ, ಆ ಚೀಟಿಯನ್ನು ಬಲಕ್ಕೆ ಸರಿಸಿದೆ.

ಸುತ್ತು ಮುಗಿಯುವ ಹೊತ್ತಿಗೆ ಪಕ್ಕದಲ್ಲೇ ಇರುವ ಮಾಳಪ್ಪನ ಬಾವಿಯಲ್ಲೂ ಡೀಸೆಲ್ ವಾಸನೆ ಬಂತು. ನೆಲದಡಿಯ ಪೈಪಿನ ಕೀಲೊಂದು ಜಿನುಗುತ್ತಿತ್ತು. ಪೈಪನ್ನು ಒಂದೇ ದಿನದಲ್ಲಿ ರಿಪೇರಿ ಮಾಡಿದರು. ಬಾವಿಯನ್ನು ರಿಪೇರಿ ಮಾಡುವವರು ಯಾರೂ ಇಲ್ಲ. ಅವನ ಅಜ್ಜ ತೋಡಿಸಿದ ಬಾವಿ. ಚಾಚಾ ಹೇಳಿದ ದಿನವೇ ನೋಡಿದ್ದರೆ ಉಳಿಯುತ್ತಿತ್ತೇನೋ.

ತಪ್ಪಾಯಿತೆಂದು ಹೇಳಲು ಮಾಳಪ್ಪನ ಮನೆಗೆ ಹೋದೆ. ಬೈಯುತ್ತಾನೆಂದುಕೊಂಡಿದ್ದೆ; ಬೈದಿದ್ದರೆ ಚೆನ್ನಾಗಿತ್ತು. “ಬರ್ರಿ ಸಾಹೇಬ್ರ, ಕುಂದ್ರಿ” ಎಂದು ಕಂಬಳಿ ಹಾಸಿದ. ಅವನ ಹೆಂಡತಿ ಚಹಾ ತಂದಳು. ಕಪ್ಪನ್ನು ತುಟಿಯ ತನಕ ಒಯ್ದವನು ಯಾಕೋ ಅಲ್ಲೇ ತಡೆದೆ.

“ಕುಡೀರಿ,” ಮಾಳಪ್ಪ ಮೆಲ್ಲಗೆ ಅಂದ, “ಟ್ಯಾಂಕರ್ ನೀರಿನ ಚಾ ಅದು. ಮೂಸಿ ನೋಡಬ್ಯಾಡ್ರಿ.”