ಹಿಂಡಿಗಾಗಿ ಎರಡು ಬಾಟಲಿ

ಶಿಸ್ತಿನಿಂದ ಬಾಳಿದವನಿಗೆ ಎದೆಯುರಿ ಬರಬಾರದೆಂದು ನಾನು ಬಹಳ ಕಾಲ ನಂಬಿದ್ದೆ. ಹೊತ್ತಿಗೆ ಸರಿಯಾಗಿ ಏಳುವವನು, ಹೊತ್ತಿಗೆ ಸರಿಯಾಗಿ ಉಣ್ಣುವವನು ನಾನು; ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿ 'ಅಲುಗಾಡಬೇಡ' ಎಂದು ಕೂಗಿಯೇ ಗಂಟಲು ಸವೆಸಿದವನು. ನನ್ನ ಹೊಟ್ಟೆ ಮಾತ್ರ ಆ ಸಾಲಿನಲ್ಲಿ ಎಂದೂ ನಿಂತಿರಲಿಲ್ಲವೆಂದು ಕಾಣುತ್ತದೆ. ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಅದೇ ನಮ್ಮ ಕಡೆಯ ಖಾರದ ಚಟ್ನಿಪುಡಿ, ಒಳಗೆ ಹೋದರೆ ಸಾಕು, ಎದೆಯಲ್ಲಿ ಒಲೆ ಹೊತ್ತುತ್ತಿತ್ತು.

ಕಲಬುರಗಿಯ ಬ್ರಹ್ಮಪುರ ಓಣಿಯ ನಮ್ಮ ಮನೆಯಲ್ಲಿ ಕಾಯಿದೆ ನನ್ನ ಹೆಂಡತಿಯದು. "ಈ ಸಲ ಔಷಧ ನಾಟಲಿಲ್ಲಂದ್ರ ಹಿಂಡಿ ಬಂದ್ ನೋಡ್ರಿ" ಎಂದಳು. ಹಿಂಡಿಯಿಲ್ಲದ ಊಟ ನನಗೆ ಸೀಟಿಯಿಲ್ಲದ ಕವಾಯತು. ಆದ್ದರಿಂದ ಊರಿನ ದೊಡ್ಡ ಅಂಗಡಿಯಿಂದ ಗುಲಾಬಿ ಬಣ್ಣದ ದುಬಾರಿ ಔಷಧವನ್ನೂ, ತಂಗಿಯ ಊರಾದ ಕಮಲಾಪುರದಿಂದ ಅದರ ಕಾಲುಭಾಗ ಬೆಲೆಯ ಬಿಳಿ ಔಷಧವನ್ನೂ ತಂದು ಪರೀಕ್ಷೆಗೆ ಇಳಿದೆ. ದುಬಾರಿಯದು ಮನೆಯ ಕಪಾಟಿನಲ್ಲಿ ಸಾವಧಾನ್ ಭಂಗಿಯಲ್ಲಿ ನಿಂತಿತು. ಅಗ್ಗದ್ದು ಚೀಲದಲ್ಲಿ, ಕೆಂಪು ಬಾಳೆಹಣ್ಣಿನ ಸಂಗಡ, ನಾನು ತಂಗಿಯ ಮನೆಗೆ ಹೋದಾಗಲೆಲ್ಲ ಬಸ್ಸಿನಲ್ಲಿ ಓಡಾಡಿತು. ಎರಡೂ ಕಡೆ ಅದೇ ರೊಟ್ಟಿ, ಅದೇ ಹಿಂಡಿ, ಅದೇ ಮುಚ್ಚಳದ ಅಳತೆ.

ಕಮಲಾಪುರದಲ್ಲಿ ಉರಿ ತಣ್ಣಗಾಗುತ್ತಿತ್ತು. ಮನೆಯಲ್ಲಿ ಹಾಗೇ ಉಳಿಯುತ್ತಿತ್ತು. ದುಬಾರಿ ಎಂಬುದೆಲ್ಲ ಬಣ್ಣದ ಆಟ ಎಂದು ಓಣಿಯಲ್ಲಿ ಸಿಕ್ಕವರಿಗೆಲ್ಲ ತೀರ್ಪು ಹೇಳಿದೆ. ಕಟ್ಟೆಯ ಮೇಲೆ ಕೂತವರು ತಲೆದೂಗಿದರು. ಒಬ್ಬರಂತೂ ತಮ್ಮ ಬಾಟಲಿಯನ್ನು ಅಂಗಡಿಗೇ ಮರಳಿಸಿ ಬಂದರು.

ಕಪಾಟಿನ ಬಾಟಲಿ ಮುಗಿಯುತ್ತ ಬಂದಾಗ ತಳದಲ್ಲಿ ಗೋಡೆಗೆ ಬಳಿಯುವ ಸುಣ್ಣದಂಥ ಗಟ್ಟಿ ಗಸಿ ಕಂಡಿತು. ಕಲಬೆರಕೆ ಸಿಕ್ಕಿಬಿದ್ದಿತೆಂದು ಹೆಂಡತಿಗೆ ತೋರಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಕುಡಿಯೂಕಿಂತ ಮೊದಲ ಒಮ್ಮ್ಯಾರ ಅಲ್ಲಾಡ್ಸೀರೇನು?"

ನಾನು ಕನ್ನಡಕ ಏರಿಸಿ ಬಾಟಲಿಯ ಮೇಲಿನ ಚೀಟಿ ಓದತೊಡಗಿದೆ.

"ಔಷಧ ಎಲ್ಲಾ ತಳಕ್ಕ ಕುಂತದ. ನೀವು ಇಷ್ಟ ದಿನ ಬರೇ ಮ್ಯಾಲಿನ ನೀರು ಕುಡದೀರಿ. ಕಮಲಾಪುರದ್ದು ಬಸ್ಸಿನಾಗ ಕುಣಕೋತ ಬಂದದ, ಅದಕ್ಕ ನಾಟೇದ."

ಬಾಟಲಿಯ ಮೇಲೆಯೇ 'ಚೆನ್ನಾಗಿ ಅಲ್ಲಾಡಿಸಿ' ಎಂದು ಅಚ್ಚಾಗಿತ್ತು. ಆ ಪದ ನನ್ನ ಕಣ್ಣಿಗೆ ಆಜ್ಞೆಯಾಗಿ ಕಾಣುವುದಾದರೂ ಹೇಗೆ?

ಈಗ ಊಟವಾದ ಮೇಲೆ ನಾನು ನಡುಮನೆಯಲ್ಲಿ ನಿಂತು ಬಾಟಲಿ ಅಲ್ಲಾಡಿಸುತ್ತೇನೆ. "ಇನ್ನಾ ಜೋರ" ಎಂದು ಅಡುಗೆಮನೆಯಿಂದ ಹುಕುಂ ಬರುತ್ತದೆ. ಪಲ್ಯದ ಖಾರದ ಉರಿಗೆ ಬಿಳಿಯದೂ ಗುಲಾಬಿಯದೂ ಈಗ ಒಂದೇ ಸಮನಾಗಿ ನಾಟುತ್ತವೆ. ಆದರೆ ನಾಟದ ಆ ದಿನಗಳ ಲೆಕ್ಕ ಹಿಡಿದು ಹೆಂಡತಿ ತನ್ನ ಕಾಯಿದೆ ಜಾರಿ ಮಾಡಿಬಿಟ್ಟಿದ್ದಾಳೆ. ಹಿಂಡಿಯ ಡಬ್ಬಿ ನನ್ನ ಕೈಗೆಟುಕದ ಹಲಗೆಯ ಮೇಲೆ ನಿಂತಿದೆ. ನನ್ನ ಇಡೀ ಸೇವೆಯಲ್ಲಿ ಇಷ್ಟು ಅಲುಗಾಡದೆ ನಿಂತ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.